ಎಣ್ಣೆಯ ಕುಶಲಿ ಎಲಿಜಾ ಮೆಕಾಯ್

ಎಲಿಜಾ ಮೆಕಾಯ್ 1844ರಲ್ಲಿ ಕೆನಡಾ ದೇಶದಲ್ಲಿ ಜನಿಸಿದನು. ತಂದೆತಾಯಿಗಳು ಅಮೆರಿಕದ ಕೆಂಟಕಿಯಲ್ಲಿ ಗುಲಾಮರಾಗಿದ್ದು ತಪ್ಪಿಸಿಕೊಂಡು ಬಂದವರು. ಸ್ಕಾಟ್ಲೆಂಡಿನಲ್ಲಿ ಯಂತ್ರಶಿಲ್ಪವನ್ನು ಕಲಿತು ಬಂದರೂ, ಕಪ್ಪು ವರ್ಣದವನೆಂಬ ಕಾರಣದಿಂದ ಅವನಿಗೆ ಇಂಜಿನಿಯರ್ ಹುದ್ದೆ ದೊರೆಯಲಿಲ್ಲ. ಮಿಚಿಗನ್ ಸೆಂಟ್ರಲ್ ರೈಲ್ವೆಯಲ್ಲಿ ಒಲೆಗೆ ಇಂಧನ ತುಂಬುವ, ಎಣ್ಣೆ ಹಾಕುವ ಕೆಲಸವೇ ಗತಿಯಾಯಿತು.

ಆಗ ಎಣ್ಣೆ ಹಾಕಲೆಂದು ರೈಲನ್ನು ಆಗಾಗ ನಿಲ್ಲಿಸಬೇಕಾಗಿತ್ತು. ತಡವಾದರೆ ಲೋಹಕ್ಕೆ ಲೋಹ ಉಜ್ಜಿ ಇಂಜಿನು ಸವೆಯುತ್ತಿತ್ತು. ಹಬೆಯ ಬಲದಿಂದಲೇ ಸಿಲಿಂಡರಿಗೆ ಎಣ್ಣೆ ತಾನಾಗಿ ಇಳಿಯುವ ಬಟ್ಟಲೊಂದನ್ನು ರಚಿಸಿ, 1872ರಲ್ಲಿ ಅವನು ಪೇಟೆಂಟು ಪಡೆದನು. ಮುಂದೆ ಅತಿಯಾಗಿ ಕಾಯಿಸಿದ ಹಬೆಯ ಇಂಜಿನುಗಳು ಬಂದಾಗ ಬರಿಯ ಎಣ್ಣೆ ಸಾಲದಾಯಿತು. ಅದರೊಡನೆ ಗ್ರಾಫೈಟ್ ಪುಡಿಯನ್ನು ಬೆರೆಸಿ ಉಣಿಸುವ ಸಾಧನಕ್ಕೆ 1915ರಲ್ಲಿ ಪೇಟೆಂಟು ಪಡೆದನು.

1929ರಲ್ಲಿ ಮೆಕಾಯ್ ಕಾಲವಾದನು. ಕೀಳೆಂದು ಕೈಗಿತ್ತ ಎಣ್ಣೆಯ ಡಬ್ಬಿಯೇ ಅವನ ಕೀರ್ತಿಗೆ ಮೂಲವಾಯಿತು.