ಬಾಗೇವಾಡಿಯ ಮಾದಿರಾಜನ ಮನೆತನ

ಶ್ರೀ ಬಸವಣ್ಣನವರ ವಂಶವನ್ನು ಅರಸಹೊರಟವರಿಗೆ ಮೊದಲ ತೊಡಕು ಬಸವಣ್ಣನವರಿಂದಲೇ ಒದಗುತ್ತದೆ. ಹುಟ್ಟಿದ ಕುಲದ ಹಿರಿಮೆಯನ್ನು ಅವರು ಎಲ್ಲಿಯೂ ಹೇಳಿಕೊಂಡವರಲ್ಲ. ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತಮ್ಮ ಹಿರಿಯರೆಂದು ಕರೆದುಕೊಂಡು, ಶರಣಸಂಬಂಧವನ್ನೇ ತಮ್ಮ ವಂಶವೆಂದು ಸಾರಿದ ಮಹಾನುಭಾವರು ಅವರು. ಆದುದರಿಂದ ಅವರ ತಂದೆತಾಯಿಗಳ ವಿಷಯವನ್ನು ಕಾವ್ಯ, ಪುರಾಣ, ಶಾಸನಗಳಿಂದಲೇ ತಿಳಿಯಬೇಕಾಗಿದೆ.

ಬಸವಣ್ಣನವರ ಕಾಲಕ್ಕೆ ಹತ್ತಿರದವನಾದ ಹರಿಹರನು ತನ್ನ ಬಸವರಾಜದೇವರ ರಗಳೆಯಲ್ಲಿ ಬಾಗೇವಾಡಿಯ ಮಾದರಸ ಮಾದಾಂಬೆಯರನ್ನು ತಂದೆತಾಯಿಗಳೆಂದು ಹೇಳುತ್ತಾನೆ. ಎಳವೆಯಲ್ಲಿಯೇ ತಂದೆತಾಯಿಗಳು ತೀರಿಕೊಳ್ಳಲು ಮುತ್ತವ್ವೆಯು ಕೂಸನ್ನು ಸಾಕಿದಳೆಂಬುದು ಅವನ ಕಥನ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವೂ, ಅದನ್ನನುಸರಿಸಿ 1369ರಲ್ಲಿ ಭೀಮಕವಿಯು ರಚಿಸಿದ ಕನ್ನಡ ಬಸವಪುರಾಣವೂ ಬೇರೊಂದು ಬಗೆಯಾಗಿ ಹೇಳುತ್ತವೆ. ಅಲ್ಲಿ ತಾಯಿಯು ನಂದೀಶ್ವರನನ್ನು ಆರಾಧಿಸಿ ಮಗನನ್ನು ಪಡೆಯುತ್ತಾಳೆ. ಉಪನಯನವನ್ನೊಲ್ಲದ ಮಗನು ತಂದೆಯೊಡನೆಯೇ ವಾದಿಸಿ ಮನೆಯನ್ನು ತೊರೆಯುತ್ತಾನೆ. ಅಕ್ಕ ನಾಗಲಾಂಬಿಕೆಯು ಈ ಕಥೆಗಳಲ್ಲಿ ಬರುತ್ತಾಳೆ. ಅಣ್ಣನೊಬ್ಬನಿದ್ದನೆಂಬ ಸುಳಿವು ಮಾತ್ರ ಇಲ್ಲ.

ಆ ಅಣ್ಣನ ಹೆಸರನ್ನು ಉಳಿಸಿಕೊಂಡುಬಂದುದು ಒಂದು ಕಲ್ಲು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿರುವ ಈ ಶಾಸನವು ಸೇವುಣ ದೊರೆ ಕನ್ನರನ ಕಾಲದ್ದು; 1260ರಲ್ಲಿ ಹಾಕಿಸಿದುದು. ಬಸವಣ್ಣನವರು ಲಿಂಗೈಕ್ಯರಾಗಿ ನೂರು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ತರ್ದವಾಡಿ ನಾಡಿನ ಬಾಗೇವಾಡಿ, ಅದರ ಒಡೆಯ ಮಾದಿರಾಜ, ಅವನ ಮಗ ಬಸವರಾಜ ಎಂದು ಅದು ಹೇಳುತ್ತದೆ. ಸಂಗನಬಸವನ ಅಣ್ಣ ದೇವರಾಜನೆಂದು ಹೆಸರಿಸಿ, ಅವನನ್ನು ಮುನಿಯೆಂದು ಗೌರವಿಸುತ್ತದೆ. ಆ ದೇವರಾಜನ ಸಂತತಿಯವನೇ ಶಾಸನದ ಕಾಲದಲ್ಲಿ ಪೂಜ್ಯನಾಗಿದ್ದ ಹಾಲಬಸವಿದೇವ.

ಪುರಾಣಕಾರನಿಗೆ ಭಕ್ತಿಯೇ ಪ್ರಧಾನ. ದತ್ತಿಯನ್ನು ಬರೆಯಿಸುವವನಿಗಾದರೋ ಯಾರು ಯಾರ ಮಗನೆಂಬುದು ತಪ್ಪಬಾರದು. ಆದಕಾರಣ ಮನೆತನದ ಮಾತಿನಲ್ಲಿ ಕಲ್ಲಿನ ಸಾಕ್ಷಿಗೇ ಹೆಚ್ಚಿನ ಬೆಲೆಯನ್ನು ಕೊಡಬೇಕು. ಜನಿವಾರವನ್ನು ಕಿತ್ತೆಸೆದು ಹೊರಟ ತಮ್ಮನನ್ನು ಆ ಮನೆತನವು ಮರೆಯಲಿಲ್ಲ. ಅಣ್ಣನ ವಂಶದ ಕುಡಿಯು ಬಸವನ ಹೆಸರನ್ನೇ ತಾಳಿ, ಶರಣಪಥದಲ್ಲಿ ನಡೆದು, ತನ್ನ ಹಿರಿಯರನ್ನೆಣಿಸುವಾಗ ಅವನನ್ನು ಮುಂದಿಟ್ಟುಕೊಂಡಿತು.

ಕೂಡಲಸಂಗಮದ ವಾಸ, ಮಂಗಳವಾಡದಲ್ಲಿ ಬಿಜ್ಜಳನ ಕರಣಿಕರ ಕೆಲಸ, ಅನಂತರ ದೊರೆತ ಭಂಡಾರಿಯ ಪದವಿ, ಕಲ್ಯಾಣದ ಮಹಾಮನೆ ಇವೆಲ್ಲ ಶರಣಬಂಧುಗಳಿಗೆ ತಿಳಿದ ಸಂಗತಿಗಳೇ. ಪುರಾಣಗಳ ಪ್ರಕಾರ ಹರಳಯ್ಯ ಮಧುವರಸರ ಮಕ್ಕಳ ಮದುವೆಯು ಕಲ್ಯಾಣದ ಕ್ರಾಂತಿಗೆ ಕಾರಣವಾಯಿತು. ಕುಲವನ್ನು ಕೇಳಬಾರದೆಂದ ಮಾತಿಗೆ ಆ ಇಬ್ಬರು ತಂದೆಯರು ಪ್ರಾಣವನ್ನೇ ತೆತ್ತರು.

ಅಂದು ಬಸವಣ್ಣನವರ ಮನೆಯೂ ಚದುರಿತು. ಅವರು ಸಂಗಮಕ್ಕೆ ಮರಳಿ ಐಕ್ಯರಾದರು. ಪತ್ನಿಯರಲ್ಲಿ ನೀಲಾಂಬಿಕೆಯ ಐಕ್ಯಸ್ಥಳವನ್ನು ಭಕ್ತರು ಕೃಷ್ಣೆಯ ದಡದ ತಂಗಡಗಿಯಲ್ಲಿಯೂ, ಗಂಗಾಂಬಿಕೆಯದನ್ನು ಮಲಪ್ರಭೆಯ ಮುಗುಟಖಾನ ಹುಬ್ಬಳ್ಳಿಯಲ್ಲಿಯೂ ಪೂಜಿಸುತ್ತಾರೆ. ನಾಗಲಾಂಬಿಕೆಯು ತರೀಕೆರೆಯ ಬಳಿಯ ಎಣ್ಣೆಹೊಳೆಯಲ್ಲಿ ಐಕ್ಯಳಾದಳೆಂದು ಸಂಪ್ರದಾಯವು ಹೇಳುತ್ತದೆ. ಅವಳ ಮಗ ಚೆನ್ನಬಸವಣ್ಣನವರ ಸಮಾಧಿಯು ದಟ್ಟ ಅಡವಿಯ ನಡುವಣ ಉಳವಿಯಲ್ಲಿದೆ.