ಹೊತ್ತೊಯ್ಯುವ ಹಳಿಯ ಜನಕ ಪಾಲ್ ದೆಕೋವಿಲ್



ರೈಲು ಹಳಿ ಎಂದ ಕೂಡಲೇ ನಮಗೆ ಬಾಗಲಕೋಟೆ ಅಥವಾ ಬಾದಾಮಿ ನಿಲ್ದಾಣದ ಹಳಿ ನೆನಪಾಗುತ್ತದೆ. ಕೆಳಗೆ ದಪ್ಪನೆಯ ಖಡಿ, ಅದರ ಮೇಲೆ ಸಿಮೆಂಟಿನ ಸ್ಲೀಪರ್, ಅದರ ಮೇಲೆ ಮೀಟರಿಗೆ 60 ಕೆ.ಜಿ. ತೂಗುವ ಉಕ್ಕಿನ ಹಳಿ. ಒಮ್ಮೆ ಹಾಸಿದರೆ ಅದು ಹತ್ತಾರು ವರ್ಷ ಅಲ್ಲಿಯೇ ಇರಬೇಕು. ಆದರೆ ಬೆಳಿಗ್ಗೆ ಒಂದು ಹೊಲದಲ್ಲಿ ಹಾಸಿ, ಸಂಜೆ ಬಿಚ್ಚಿ, ಮರುದಿನ ಹೆಗಲ ಮೇಲೆ ಹೊತ್ತು ಪಕ್ಕದ ಹೊಲಕ್ಕೆ ಒಯ್ಯುವ ಹಳಿಯೂ ಒಂದಿದೆ. ಅದನ್ನು ಜಗತ್ತಿಗೆಲ್ಲ ಮುಟ್ಟಿಸಿದವರು ಫ್ರಾನ್ಸ್ ದೇಶದ ಪಾಲ್ ದೆಕೋವಿಲ್. ಇವರ ಹೆಸರು ಎಷ್ಟು ಪ್ರಸಿದ್ಧವಾಯಿತೆಂದರೆ, ಕೊನೆಗೆ ಅದು ಮನುಷ್ಯನ ಹೆಸರಾಗಿ ಉಳಿಯದೆ ವಸ್ತುವಿನ ಹೆಸರೇ ಆಯಿತು. ಈಜಿಪ್ಟಿನಲ್ಲಿ ನೈಲ್ ನದಿಯ ದಂಡೆಗುಂಟ ಕಬ್ಬು ಹೊತ್ತು ಸಾಗುವ ಪುಟ್ಟ ರೈಲಿಗೆ ಅಲ್ಲಿನ ರೈತರು ದೆಕೋವಿಲ್ ಎಂದೇ ಕರೆಯುತ್ತಾರೆ.

ನಾನು ವಿಜ್ಞಾನ ವಿಭಾಗದ ವಿದ್ಯಾರ್ಥಿ. ನಮ್ಮ ಮನೆತನದ ಕಸುಬು ಕಬ್ಬು. ದೊಡ್ಡ ದೊಡ್ಡ ವಿಜ್ಞಾನಿಗಳ ಜೀವನವನ್ನು ನಾವು ಪಠ್ಯದಲ್ಲಿ ಓದುತ್ತೇವೆ. ಹೊಲದ ಕೆಸರಿನಿಂದ ಹುಟ್ಟಿದ ಶೋಧವೊಂದರ ಕಥೆಯನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕು ಅನ್ನಿಸಿ ಈ ಲೇಖನ ಬರೆದಿದ್ದೇನೆ.

ಪಾಲ್ ದೆಕೋವಿಲ್ ಅವರು 1846ರ ಜೂನ್ 7ರಂದು ಜನಿಸಿದರು. ಪ್ಯಾರಿಸ್ ನಗರದ ದಕ್ಷಿಣಕ್ಕೆ, ಸೇನ್ ನದಿಯ ದಂಡೆಯಲ್ಲಿ ಪೆಟಿ ಬೂರ್ ಎಂಬಲ್ಲಿ ಇವರ ಕುಟುಂಬದ ದೊಡ್ಡ ಜಮೀನು ಇತ್ತು. ತಂದೆ ಒಕ್ಕಲುತನವನ್ನು ಹೊಸ ರೀತಿಯಲ್ಲಿ ಮಾಡಿದವರು. ಸಕ್ಕರೆ ಬೀಟ್ ಬೆಳೆದು, ಅದರಿಂದ ಮದ್ಯಸಾರ ತೆಗೆಯುವ ಘಟಕವನ್ನೂ ನಡೆಸುತ್ತಿದ್ದರು. ಉಗಿ ಯಂತ್ರದಿಂದ ಎಳೆಯುವ ನೇಗಿಲನ್ನು ಬಳಸುತ್ತಿದ್ದರು. ಯಂತ್ರ ಇದ್ದ ಮೇಲೆ ರಿಪೇರಿಯೂ ಇರಲೇಬೇಕಲ್ಲ! ಹೀಗಾಗಿ ಹೊಲದ ಪಕ್ಕದಲ್ಲೇ ಒಂದು ಕಾರ್ಖಾನೆ ಬೆಳೆಯಿತು. ಮಗ ಪಾಲ್ ಒಂದು ಕಾಲನ್ನು ಹೊಲದಲ್ಲೂ ಇನ್ನೊಂದನ್ನು ಕಾರ್ಖಾನೆಯಲ್ಲೂ ಇಟ್ಟುಕೊಂಡೇ ದೊಡ್ಡವರಾದರು. 1870ರ ಸುಮಾರಿಗೆ ಇಡೀ ಸಂಸಾರದ ಹೊಣೆ ಇವರ ಹೆಗಲಿಗೆ ಬಂತು. ಮುಂದೆ ಇವರ ಕಂಪನಿಗೆ ಹಿರಿಯ ದೆಕೋವಿಲ್ ಎಂಬ ಅರ್ಥದ ಹೆಸರೇ ನಿಂತಿತು, ಏಕೆಂದರೆ ಮನೆಯ ಹಿರಿಯ ಮಗ ಇವರೇ.

1870ರ ದಶಕದ ನಡುವಿನಲ್ಲಿ ಒಂದು ವರ್ಷ ಬೀಟ್ ಬೆಳೆ ಹುಲುಸಾಗಿ ಬಂತು. ಅದರ ಬೆನ್ನಿಗೇ ಮಳೆಯೂ ಬಂತು. ಹೊಲವೆಲ್ಲ ಕೆಸರು. ಬಂಡಿಗಳ ಗಾಲಿ ಹೂತು ಹೋದವು, ಕುದುರೆ ಎತ್ತುಗಳು ಸೋತು ನಿಂತವು. ಬೀಟ್ ಗಡ್ಡೆಯನ್ನು ಹೊಲದಲ್ಲೇ ಬಿಟ್ಟರೆ ಕೊಳೆಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ.

ಈ ಸಂಕಟವನ್ನು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರೆಭೂಮಿಯಲ್ಲಿ ಒಂದು ದೊಡ್ಡ ಮಳೆಯಾದರೆ ಏನಾಗುತ್ತದೆ ಎಂಬುದು ಮುಧೋಳ, ಜಮಖಂಡಿ ಕಡೆಯ ಕಬ್ಬಿನ ರೈತರಿಗೆಲ್ಲ ಗೊತ್ತು. ಒಂದು ವರ್ಷ ಹಂಗಾಮಿನ ಹೊತ್ತಿಗೆ ಅಕಾಲ ಮಳೆ ಬಂದು, ಕಬ್ಬು ತುಂಬಿದ ನಮ್ಮ ಟ್ರೇಲಿ ಎರಡು ದಿನ ಹೊಲದಲ್ಲೇ ಹೂತು ನಿಂತಿತ್ತು. ಮುಂದೆ ಎರಡು ಟ್ರ್ಯಾಕ್ಟರ್ ಕಟ್ಟಿ ಎಳೆದರೂ ಅದು ಜಗ್ಗಲಿಲ್ಲ. ಕಡಿದ ಕಬ್ಬು ಒಣಗಿದಷ್ಟೂ ತೂಕ ಕಡಿಮೆ, ತೂಕ ಕಡಿಮೆಯಾದಷ್ಟೂ ಬಿಲ್ಲು ಕಡಿಮೆ. ಆ ಎರಡು ದಿನ ನಮ್ಮ ಅಬ್ಬಾ ಸರಿಯಾಗಿ ಊಟ ಮಾಡಲಿಲ್ಲ.

ಇಂಥ ಹೊತ್ತಿನಲ್ಲಿ ನಾವೆಲ್ಲ ಯೋಚಿಸುವುದು ಎಳೆಯುವ ಬಲದ ಬಗ್ಗೆ. ಇನ್ನೊಂದು ಜೋಡಿ ಎತ್ತು ಕಟ್ಟೋಣ, ಇನ್ನೊಂದು ಟ್ರ್ಯಾಕ್ಟರ್ ತರೋಣ ಎನ್ನುತ್ತೇವೆ. ದೆಕೋವಿಲ್ ಅವರು ಬಂಡಿಯನ್ನು ಬಿಟ್ಟು ಬಂಡಿಯ ಕೆಳಗಿನ ನೆಲವನ್ನು ನೋಡಿದರು. ನನ್ನ ಮಟ್ಟಿಗೆ ಇವರ ಜೀವನದ ತಿರುಳು ಇದೇ. ಹಗುರವಾದ ಕಬ್ಬಿಣದ ಹಳಿಗಳನ್ನು 40 ಸೆಂ.ಮೀ. ಅಂತರದಲ್ಲಿಟ್ಟು, ಅಡ್ಡಪಟ್ಟಿಗಳಿಗೆ ಜೋಡಿಸಿ, ಏಣಿಯಂಥ ತುಂಡುಗಳನ್ನು ಮಾಡಿಸಿದರು. ಈ ಏಣಿಗಳನ್ನು ಕೆಸರಿನ ಮೇಲೆ ಒಂದರ ಮುಂದೊಂದು ಮಲಗಿಸಿದರು. ಅದರ ಮೇಲೆ ಸಣ್ಣ ಗಾಡಿಗಳು ಓಡಿದವು, ಬೀಟ್ ಹೊರಗೆ ಬಂತು.

ಇಂಥದ್ದೊಂದು ಯೋಚನೆ ಇವರಿಗೇ ಮೊದಲು ಹೊಳೆಯಿತು ಎನ್ನಲಾಗದು. ಕೊರ್ಬ್ಯಾಂ ಎಂಬ ಇನ್ನೊಬ್ಬ ಫ್ರೆಂಚ್ ಗೃಹಸ್ಥರು ಮರದ ಹಳಿಯ ಏಣಿಗಳನ್ನು ಅದಾಗಲೇ ಮಾಡಿದ್ದರು. ಆದರೆ ಭಾರ ಹೊರುವಷ್ಟು ಗಟ್ಟಿಯಾಗಿ, ಮನುಷ್ಯ ಎತ್ತುವಷ್ಟು ಹಗುರವಾಗಿ, ಯಾರು ಬೇಕಾದರೂ ಜೋಡಿಸುವಷ್ಟು ಸುಲಭವಾಗಿ, ಈ ಮೂರೂ ಗುಣ ಒಂದೇ ಕಡೆ ಸೇರುವಂತೆ ಮಾಡಿ ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಿಸಿದವರು ದೆಕೋವಿಲ್.

ಈ ಹಳಿಯ ರಚನೆಯನ್ನು ಸ್ವಲ್ಪ ನೋಡೋಣ. ದೊಡ್ಡ ರೈಲಿನಲ್ಲಿ ಹಳಿ ಬೇರೆ, ಸ್ಲೀಪರ್ ಬೇರೆ, ಮೊಳೆ ಬೇರೆ, ಖಡಿ ಬೇರೆ. ಎಲ್ಲವನ್ನೂ ಸ್ಥಳದಲ್ಲೇ ಜೋಡಿಸಬೇಕು. ದೆಕೋವಿಲ್ ಅವರ ಪದ್ಧತಿಯಲ್ಲಿ ಎರಡು ಹಳಿಗಳನ್ನು ಉಕ್ಕಿನ ಸ್ಲೀಪರುಗಳಿಗೆ ಕಾರ್ಖಾನೆಯಲ್ಲೇ ರಿವೆಟ್ ಹೊಡೆದು ಕೂಡಿಸಿರುತ್ತಾರೆ. ಸಾಮಾನ್ಯವಾಗಿ ಒಂದು ತುಂಡಿನ ಉದ್ದ 5 ಮೀಟರ್. ತುಂಡಿನ ಒಂದು ತುದಿಯಲ್ಲಿ ಹಳಿಯ ಎರಡೂ ಮಗ್ಗುಲಿಗೆ ಪಟ್ಟಿ ಬಡಿದಿರುತ್ತದೆ, ಇನ್ನೊಂದು ತುದಿ ಬರಿದಾಗಿರುತ್ತದೆ. ಒಂದು ತುಂಡಿನ ಬರಿ ತುದಿಯನ್ನು ಇನ್ನೊಂದರ ಪಟ್ಟಿಗಳ ನಡುವೆ ಸರಿಸಿದರೆ ಜೋಡಣೆ ಮುಗಿಯಿತು. ಬಿಚ್ಚಬೇಕೆಂದರೆ ಎತ್ತಿ ಹಿಂದಕ್ಕೆ ಎಳೆದರೆ ಸಾಕು. ತಿರುವಿಗೆ ಬಾಗಿದ ತುಂಡುಗಳು, ದಾರಿ ಕವಲೊಡೆಯುವಲ್ಲಿಗೆ ಬೇರೆ ತುಂಡುಗಳು, ಎಲ್ಲವೂ ಸಿದ್ಧವಾಗಿಯೇ ಬರುತ್ತಿದ್ದವು. ಹೊಲದಲ್ಲಿ ಎಂಜಿನಿಯರ್ ಬೇಕಾಗಿರಲಿಲ್ಲ. ಆಳುಗಳೇ ಸಾಕಿತ್ತು.

ಖಡಿಯೇ ಇಲ್ಲದೆ ಕೆಸರಿನ ಮೇಲೆ ಇದು ಹೇಗೆ ನಿಲ್ಲುತ್ತದೆ? ಉತ್ತರ ನಮ್ಮ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ. ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಲೆಕ್ಕಕ್ಕಾಗಿ 1000 ಕೆ.ಜಿ. ಭಾರದ ಒಂದು ಬಂಡಿ ಇಟ್ಟುಕೊಳ್ಳೋಣ. ಅದರ ಎರಡು ಗಾಲಿಗಳು ನೆಲಕ್ಕೆ ತಾಗುವ ಜಾಗ ಒಟ್ಟು 200 ಚದರ ಸೆಂ.ಮೀ. ಎಂದುಕೊಂಡರೆ, ಪ್ರತಿ ಚದರ ಸೆಂ.ಮೀ. ಮೇಲೆ 5 ಕೆ.ಜಿ. ಭಾರ ಬೀಳುತ್ತದೆ. ಅದೇ ಭಾರ ಹಳಿಯ ಮೂಲಕ 80 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ನಾಲ್ಕು ಸ್ಲೀಪರುಗಳ ಮೇಲೆ ಹಂಚಿಹೋದರೆ ವಿಸ್ತೀರ್ಣ 3840 ಚದರ ಸೆಂ.ಮೀ. ಆಗುತ್ತದೆ. ಆಗ ಒಂದು ಚದರ ಸೆಂ.ಮೀ. ಮೇಲೆ ಬೀಳುವುದು ಕಾಲು ಕೆ.ಜಿ.ಗಿಂತ ತುಸು ಹೆಚ್ಚು, ಅಷ್ಟೇ. ಅಂದರೆ ಒತ್ತಡ ಹತ್ತೊಂಬತ್ತು ಪಟ್ಟು ಇಳಿಯಿತು! ಜೊತೆಗೆ ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುವಾಗ ತಡೆ ಬಹಳ ಕಡಿಮೆ. ಕೆಸರಿನಲ್ಲಿ ಎತ್ತುಗಳಿಗೂ ಜಗ್ಗದ ಭಾರವನ್ನು ಹಳಿಯ ಮೇಲೆ ಆಳು ಕೈಯಿಂದಲೇ ತಳ್ಳಬಹುದು.

1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ದೆಕೋವಿಲ್ ಅವರು ತಮ್ಮ ಹಳಿಯನ್ನು ಜನರ ಮುಂದಿಟ್ಟರು. ಬೇಡಿಕೆ ಹೆಚ್ಚಿದಂತೆ 40 ಸೆಂ.ಮೀ. ಹಳಿಯ ಜೊತೆಗೆ 50 ಮತ್ತು 60 ಸೆಂ.ಮೀ. ಅಗಲದವೂ ಬಂದವು. ನಮ್ಮ ಇಂದಿನ ಬ್ರಾಡ್‌ಗೇಜ್ 167.6 ಸೆಂ.ಮೀ. ಅಂದರೆ ಎಷ್ಟು ಪುಟ್ಟದೆಂದು ನೀವೇ ಊಹಿಸಿ. ಕಬ್ಬಿನ ತೋಟಗಳಿಗೆ, ಇಟ್ಟಿಗೆ ಭಟ್ಟಿಗಳಿಗೆ, ಕಲ್ಲಿನ ಗಣಿಗಳಿಗೆ, ಕಾಡಿನ ಕೆಲಸಕ್ಕೆ ಈ ಹಳಿ ಹೋಯಿತು. ಗ್ರೀಸ್ ದೇಶದ ಡೆಲ್ಫಿಯಲ್ಲಿ ಫ್ರೆಂಚ್ ಪುರಾತತ್ವ ತಜ್ಞರು ಉತ್ಖನನ ನಡೆಸಿದಾಗ ಮಣ್ಣು ಸಾಗಿಸಿದ್ದೂ ಇದೇ ಬಗೆಯ ಹಳಿಯ ಮೇಲೆ.

1889ರಲ್ಲಿ ಐಫೆಲ್ ಗೋಪುರ ಎದ್ದು ನಿಂತ ಅದೇ ಪ್ಯಾರಿಸ್ ಪ್ರದರ್ಶನದಲ್ಲಿ ಜನರನ್ನು ಸುತ್ತಾಡಿಸಲು 60 ಸೆಂ.ಮೀ. ಅಗಲದ ದೆಕೋವಿಲ್ ರೈಲು ಓಡಿತು. ಉದ್ದ ಸುಮಾರು 3 ಕಿ.ಮೀ. ಮಾತ್ರ. ಆರು ತಿಂಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿ ಕುಳಿತರು. ಪ್ರದರ್ಶನ ಮುಗಿಯಿತು, ಹಳಿ ಬಿಚ್ಚಿದರು. ಹೊಲದ ಬಂಡಿಗೆಂದು ಹುಟ್ಟಿದ ಹಳಿ ಪ್ರಯಾಣಿಕರನ್ನೂ ಹೊರಬಲ್ಲದು ಎಂಬುದು ಇದರಿಂದ ಎಲ್ಲರಿಗೂ ಮನವರಿಕೆಯಾಯಿತು. ಮರುವರ್ಷ ಇವರು ಫ್ರಾನ್ಸಿನ ಸೆನೆಟ್ ಸದಸ್ಯರಾದರು, 1900ರವರೆಗೆ ಅಲ್ಲಿದ್ದರು.

ಇಷ್ಟೇ ಬರೆದು ನಿಲ್ಲಿಸಿದರೆ ಇದು ಬರೀ ಹೊಗಳಿಕೆಯಾಗುತ್ತದೆ. ಎತ್ತಿ ಒಯ್ಯಬಹುದಾದ ವಸ್ತು ಯಾರ ಕೈಗಾದರೂ ಹೋಗಬಹುದು. ರೈತನಿಗೆ ಬೇಕಾದ ಗುಣಗಳೇ ಸೇನಾಪತಿಗೂ ಬೇಕು. ಹಗುರ ಇರಬೇಕು, ಬೇಗ ಹಾಸಬೇಕು, ಬೇಗ ಬಿಚ್ಚಬೇಕು. ರಷ್ಯಾದ ಸೈನ್ಯ 1880-81ರಲ್ಲಿ ಕ್ಯಾಸ್ಪಿಯನ್ ಸಮುದ್ರದ ಪೂರ್ವ ದಂಡೆಯಿಂದ ತುರ್ಕಮೆನ್ ಜನರ ನಾಡಿನೊಳಗೆ ನುಗ್ಗಿದಾಗ ಸಾಮಾನು ಸಾಗಿಸಲು ದೆಕೋವಿಲ್ ಹಳಿಯನ್ನು ತರಿಸಿಕೊಂಡಿತು. ಗಿಯೋಕ್ ತೆಪೆ ಕೋಟೆ ಬಿದ್ದಾಗ ಸಾವಿರಾರು ತುರ್ಕಮೆನ್ ಜನ ಸತ್ತರು. ಅದೇ 1881ರಲ್ಲಿ ಫ್ರೆಂಚ್ ಸೈನ್ಯ ಟ್ಯುನೀಶಿಯಾವನ್ನು ವಶಪಡಿಸಿಕೊಂಡು, ಸೂಸ್ ಬಂದರಿನಿಂದ ಕೈರವಾನ್ ಪಟ್ಟಣದ ಕಡೆಗೆ ಇದೇ ಹಳಿ ಹಾಸಿತು. ಕೈರವಾನ್ ಎಂದರೆ ಕ್ರಿ.ಶ. 670ರಲ್ಲಿ ಉಕ್ಬಾ ಇಬ್ನ್ ನಾಫಿ ಅವರು ಸ್ಥಾಪಿಸಿದ, ದೊಡ್ಡ ಮಸೀದಿಗೆ ಹೆಸರಾದ ಊರು. ಆ ಮಾರ್ಗದಲ್ಲಿ ಕುದುರೆಗಳು ಗಾಡಿ ಎಳೆಯುತ್ತಿದ್ದವು. ಬೀಟ್ ಗಡ್ಡೆ ಉಳಿಸಲು ಹುಟ್ಟಿದ ಏಣಿ ಬೇರೆಯವರ ನಾಡು ಏರಲೂ ಏಣಿಯಾಯಿತು.

ಮುಂದೆ ಪೆಶೋ ಎಂಬ ಫ್ರೆಂಚ್ ಸೇನಾಧಿಕಾರಿ ಇದೇ ಹಳಿಯನ್ನು ತೋಪುಗಳ ಸಾಗಣೆಗೆ ಒಗ್ಗಿಸಿದರು. ಮೀಟರಿಗೆ 9.5 ಕೆ.ಜಿ. ತೂಗುವ ಹಳಿ, 5 ಮೀಟರ್ ಉದ್ದದ ತುಂಡು, ಎತ್ತಲು ನಾಲ್ಕು ಜನ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದ ಮೇಲೆ ಫ್ರೆಂಚರು, ಜರ್ಮನರು, ಬ್ರಿಟಿಷರು ಮೂವರೂ 60 ಸೆಂ.ಮೀ. ಹಳಿಯನ್ನೇ ಕಂದಕಗಳವರೆಗೆ ಹಾಸಿದರು. ಹೋಗುವಾಗ ಮದ್ದುಗುಂಡು, ಬರುವಾಗ ಗಾಯಾಳುಗಳು. ಯುದ್ಧ ಮುಗಿದ ಮೇಲೆ ಅದೇ ಹಳಿಗಳನ್ನು ಕಿತ್ತು, ಹಾಳಾದ ಊರುಗಳನ್ನು ಮತ್ತೆ ಕಟ್ಟಲು ಇಟ್ಟಿಗೆ, ಮರಳು ಸಾಗಿಸಿದರು. ಉತ್ತರ ಫ್ರಾನ್ಸಿನ ಬೀಟ್ ಹೊಲಗಳಿಗೂ ಅವು ಮರಳಿದವು.

ಅಷ್ಟು ಹೊತ್ತಿಗೆ ದೆಕೋವಿಲ್ ಅವರ ಕೈಯಲ್ಲಿ ಕಾರ್ಖಾನೆ ಇರಲಿಲ್ಲ. 1889ರ ದೊಡ್ಡ ಯಶಸ್ಸಿನ ನಂತರ ಕಂಪನಿ ಷೇರುದಾರರ ಪಾಲಾಯಿತು. ಒಪ್ಪಂದಗಳು ಹೆಚ್ಚಾದವು, ನಷ್ಟವೂ ಬಂತು. 1890ರ ದಶಕದಲ್ಲಿ, ತಾವೇ ಬೆಳೆಸಿದ ಕಾರ್ಖಾನೆಯ ಆಡಳಿತವನ್ನು ಇವರು ಬಿಡಬೇಕಾಯಿತು. ಬಾಗಿಲ ಮೇಲಿನ ಹೆಸರು ಮಾತ್ರ ಇವರದೇ ಉಳಿಯಿತು. 1922ರಲ್ಲಿ ಇವರು ನಿಧನರಾದರು.

ಲಾರಿ ಟ್ರ್ಯಾಕ್ಟರುಗಳು ಬಂದ ಮೇಲೆ ಹೊಲದ ಹಳಿ ಬಹಳಷ್ಟು ಕಡೆ ಕಾಣೆಯಾಯಿತು. ಫ್ರಾನ್ಸಿನ ಪಿತಿವಿಯೇ ಊರಿನಲ್ಲಿ 1892ರಿಂದ ಬೀಟ್ ಸಾಗಿಸಿದ ಪುಟ್ಟ ರೈಲು 1964ರಲ್ಲಿ ನಿಂತು, ಈಗ ಅದರ ಒಂದು ತುಣುಕು ವಸ್ತುಸಂಗ್ರಹಾಲಯವಾಗಿದೆ. ಈಜಿಪ್ಟಿನಲ್ಲಿ ಮಾತ್ರ ಕಬ್ಬಿನ ರೈಲು ಹೆಸರು ಉಳಿಸಿಕೊಂಡಿದೆ.

ಈ ಜೀವನದಿಂದ ನಾನು ಎರಡು ವಿಷಯ ಕಲಿತೆ. ಒಂದು, ಕೆಲಸ ನಿಂತಾಗ ಬಲ ಹೆಚ್ಚಿಸುವ ಮೊದಲು ಕಾಲ ಕೆಳಗಿನ ನೆಲವನ್ನು ನೋಡಬೇಕು. ನಮ್ಮ ಹೊಲದ ಬದುವಿನಿಂದ ಡಾಂಬರು ರಸ್ತೆಯವರೆಗಿನ ದಾರಿ ಇನ್ನೂರು ಮೀಟರ್ ಅಷ್ಟೇ. ಟ್ರೇಲಿ ಹೂಳುವುದು ಆ ಇನ್ನೂರು ಮೀಟರಿನಲ್ಲೇ. 5 ಮೀಟರಿನ ಲೆಕ್ಕದಲ್ಲಿ ಅದು ಕೇವಲ 40 ತುಂಡು. ಇಳಕಲ್ಲಿನ ಕಲ್ಲು ಗಣಿಗಳಲ್ಲಿ, ಹುನಗುಂದದ ಎರೆ ಹೊಲಗಳಲ್ಲಿ ಇಂಥ ಸಣ್ಣ ದೂರದ ದೊಡ್ಡ ಕಷ್ಟಗಳು ಇನ್ನೆಷ್ಟು ಇವೆಯೋ! ಎರಡು, ನಾವು ಮಾಡಿದ ವಸ್ತು ನಮ್ಮ ಕೈ ಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಅದನ್ನು ಮಾಡಿದವರದೇ. ನಮ್ಮಲ್ಲಿ ಹಲವರು ನಾಳೆ ಎಂಜಿನಿಯರಿಂಗ್ ಸೇರುತ್ತೇವೆ. ಅಲ್ಲಿ ಮೊದಲನೆಯದನ್ನು ಖಂಡಿತ ಕಲಿಸುತ್ತಾರೆ. ಎರಡನೆಯದನ್ನು ನಾವೇ ನೆನಪಿಟ್ಟುಕೊಳ್ಳಬೇಕು.