ಬೌರಿಂಗ್ ಆಸ್ಪತ್ರೆಯ ಹೆಸರಿನಲ್ಲಿರುವ ಲೇಡಿ ಕರ್ಜನ್ ಯಾರು?

ರಾಮಕುಂಜ, ಆಲಂಕಾರು, ಕಡಬ ಕಡೆಯಿಂದ ಬೆಂಗಳೂರಿಗೆ ಹೋದವರಿಗೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಗೊತ್ತಿರುತ್ತದೆ. ಅದರ ಪೂರ್ತಿ ಹೆಸರು ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ. ಈ ಲೇಡಿ ಕರ್ಜನ್ ಇಂಗ್ಲಿಷಿನವಳಲ್ಲ, ಅಮೆರಿಕದ ಜವಳಿ ವ್ಯಾಪಾರಿಯ ಮಗಳು!

ಹೆಸರು ಮೇರಿ ಲೈಟರ್. 1870ರಲ್ಲಿ ಶಿಕಾಗೋದಲ್ಲಿ ಹುಟ್ಟಿದ್ದು. ಅಪ್ಪ ಲೆವಿ ಲೈಟರ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಾಗಿ ಶುರು ಮಾಡಿ, ಮಾರ್ಷಲ್ ಫೀಲ್ಡ್ ಜೊತೆ ಪಾಲುದಾರನಾಗಿ ಕೋಟ್ಯಧೀಶನಾದವರು. 1893ರಲ್ಲಿ ಪ್ಯಾರಿಸಿನಲ್ಲಿ ಜಾರ್ಜ್ ಕರ್ಜನ್ ಜೊತೆ ಮದುವೆ ಮಾತಾಯಿತು. ಆದರೆ ಎರಡು ವರ್ಷ ಗುಟ್ಟಾಗಿಯೇ ಇಟ್ಟರು. ಅಷ್ಟು ದಿನ ಕಾಯುವುದು ಸುಲಭವೇ? 1895ರ ಏಪ್ರಿಲ್ 22ರಂದು ವಾಷಿಂಗ್ಟನ್ನಿನಲ್ಲಿ ಮದುವೆ. ಹನಿಮೂನ್ ಎಂದರೆ ವರ್ಜೀನಿಯಾದಲ್ಲಿ ಕೆಲವೇ ದಿನ, ಮತ್ತೆ ಹಡಗು ಹತ್ತಿ ಇಂಗ್ಲೆಂಡಿಗೆ. ಮದುಮಗಳಿಗೆ ಅದು ತಿರುಗಾಟ ಅಲ್ಲ, ತವರು ಬಿಟ್ಟ ಪ್ರಯಾಣ.

1898ರ ಕೊನೆಗೆ ಗಂಡ ವೈಸ್‌ರಾಯ್ ಆಗಿ ಬಂದಾಗ ಇಬ್ಬರು ಸಣ್ಣ ಹೆಣ್ಣುಮಕ್ಕಳೊಂದಿಗೆ ಅವರೂ ಭಾರತಕ್ಕೆ ಬಂದರು. 1900ರ ಡಿಸೆಂಬರಿನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಉದ್ಘಾಟಿಸಿದ್ದು ಲಾರ್ಡ್ ಕರ್ಜನ್. 1903ರ ದಿಲ್ಲಿ ದರ್ಬಾರಿನಲ್ಲಿ ಮೇರಿ ಉಟ್ಟ ನವಿಲುಗರಿ ವಿನ್ಯಾಸದ ಉಡುಪು ಜಗತ್ತಿಗೇ ಸುದ್ದಿ. ಅದರ ಜರಿ ಕೆಲಸ ನಮ್ಮ ದೇಶದ ಕುಶಲಕರ್ಮಿಗಳದ್ದು. ಆದರೆ ನೆನಪಿಡಬೇಕಾದ್ದು ಬೇರೆ: ಹೆರಿಗೆ ಮಾಡಿಸುವ ಸೂಲಗಿತ್ತಿಯರಿಗೆ ತರಬೇತಿ ಕೊಡಿಸಲು ಅವರು ನಿಧಿ ಕೂಡಿಸಿದರು.

1904ರಲ್ಲಿ ಇಂಗ್ಲೆಂಡಿನಲ್ಲಿ ಸ್ವತಃ ಅವರೇ ಸಾಯುವಷ್ಟು ಹುಷಾರು ತಪ್ಪಿದರು. ಸ್ವಲ್ಪ ಸುಧಾರಿಸಿ ಮತ್ತೆ ಭಾರತಕ್ಕೆ ಬಂದರೂ ಆರೋಗ್ಯ ಮೊದಲಿನಂತಾಗಲಿಲ್ಲ. 1906ರ ಜುಲೈ 18ರಂದು ಲಂಡನ್ನಿನಲ್ಲಿ ತೀರಿಕೊಂಡಾಗ ವಯಸ್ಸು ಬರೇ 36. ಮೂವರು ಹೆಣ್ಣುಮಕ್ಕಳಲ್ಲಿ ಕಿರಿಯವಳಿಗೆ ಆಗ ಎರಡು ವರ್ಷ.